ಓದದೆ ಕಳಿಸಿದ ಪ್ರಾಸ

ಹಾಸನ
ಶುಕ್ರವಾರ, 11 ಜುಲೈ 2025

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಹೊಳೆನರಸೀಪುರದಲ್ಲಿ ಜಡಿಮಳೆ ಹಿಡಿದಿದೆಯೆಂದು ಕೇಳಿದೆ. ಹಿತ್ತಲ ಕಲ್ಲು ಪಾಚಿಗಟ್ಟಿರುತ್ತದೆ, ಹುಷಾರು. ಚಲುವನಾರಾಯಣ ಭಾವನವರ ಕೆಮ್ಮು ಇಳಿಯಿತೆ? ಇಲ್ಲಿ ಶ್ರೀಗೌರಿ ಚೆನ್ನಾಗಿದ್ದಾಳೆ, ಮಗಳು ಇಂಚರ ಪಿಯುಸಿ ಪುಸ್ತಕದಲ್ಲಿ ಮುಳುಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ, ನೋಡುವವರ ಕಣ್ಣಿಗೆ. ಕಣ್ಣಿನ ವಿಷಯ ಬಂದೇಬಿಟ್ಟಿತು ನೋಡು. ಮಂಡಿಯಿಂದ ಶುರುಮಾಡಿದ್ದೇ ಅದನ್ನು ತಪ್ಪಿಸಿಕೊಳ್ಳಲು. ಈ ಕಾಗದವನ್ನು ನಿನಗೆ ಭಾವನವರು ಓದಿ ಹೇಳಬೇಕಾಗುತ್ತದೆಂದು ನನಗೆ ಗೊತ್ತು. ಗೊತ್ತಾಗಿ ನಾಲ್ಕು ದಿನವಾಯಿತು. ಭಾವನವರೇ, ದಯವಿಟ್ಟು ನಡುನಡುವೆ ನಿಮ್ಮ ಟೀಕೆ ಸೇರಿಸಬೇಡಿ. ನನ್ನನ್ನು ಬೈಯುವ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನನ್ನ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಅಂತರ್ಜಾಲದಲ್ಲಿ ಒಳ್ಳೆಯ ಲೇಖನ ಕಂಡು, ಈಗ ಪುರಸೊತ್ತಿಲ್ಲ, ಆಮೇಲೆ ಓದೋಣ ಅನಿಸಿದರೆ ಒಂದು ಗುಂಡಿ ಒತ್ತಿದರಾಯಿತು, ಅದು ಎತ್ತಿಟ್ಟುಕೊಳ್ಳುತ್ತದೆ. ಒತ್ತಿದ ಕೂಡಲೇ ಅರ್ಧ ಓದಿ ಮುಗಿಸಿದಷ್ಟು ತೃಪ್ತಿ. ಆರು ವರ್ಷದಲ್ಲಿ ಎರಡು ಸಾವಿರದ ಚಿಲ್ಲರೆ ಲೇಖನ ಕೂಡಿಬಿದ್ದಿತ್ತು, ಓದಿದ್ದು ಇಪ್ಪತ್ತಿರಬಹುದು. ನನ್ನ ಕೆಲಸವೂ ಅಂಥದ್ದೇ ಅಲ್ಲವೆ? ಪಠ್ಯಪುಸ್ತಕದ ಗೋದಾಮಿನಲ್ಲಿ ಕೂತು ಅರಕಲಗೂಡಿಗೆ ಇಷ್ಟು ಕಟ್ಟು, ಚನ್ನರಾಯಪಟ್ಟಣಕ್ಕೆ ಇಷ್ಟು ಕಟ್ಟು ಎಂದು ಕಳಿಸುತ್ತೇನೆ, ಒಂದನ್ನೂ ಬಿಚ್ಚಿ ನೋಡುವುದಿಲ್ಲ. ಹೀಗಿರುವಾಗ ಆ ಆ್ಯಪಿನವರು, ನಾವು ಬಾಗಿಲು ಹಾಕುತ್ತಿದ್ದೇವೆ, ನಿಮ್ಮ ಸಾಮಾನು ತೆಗೆದುಕೊಂಡು ಹೋಗಿ ಎಂದು ಸೂಚನೆ ಕಳಿಸಿದರು.

ಬೇರೊಂದನ್ನು ಹುಡುಕಬೇಕಾಯಿತು. ಇಂಚರಳಿಗೆ ಕಾಲೇಜು ಹುಡುಕುವಾಗಲೂ ನಾನು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಮೊದಲನೆಯದು ನೋಡಲು ಲಕ್ಷಣ, ಒತ್ತಕ್ಷರ ಬಂದರೆ ಅವಲಕ್ಷಣ. ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ಎರಡನೆಯದರಲ್ಲಿ ಸಾಲಿಗೆ ಬಣ್ಣ ಹಚ್ಚಬಹುದು, ಪಕ್ಕದಲ್ಲಿ ಟಿಪ್ಪಣಿ ಬರೆಯಬಹುದು. ಅದು ಓದುವವರಿಗಾಗಿ ಮಾಡಿದ್ದು, ನನ್ನಂಥವನಿಗಲ್ಲ. ಮೂರನೆಯದು ಲೇಖನವನ್ನು ತಾನೇ ಗಟ್ಟಿಯಾಗಿ ಓದಿ ಹೇಳುತ್ತದೆ. ಓದುವ ತಾಪತ್ರಯವೇ ಇಲ್ಲವೆಂದು ನನಗೆ ಆಸೆಯಾಯಿತು. ಗೋದಾಮಿನ ಅನಿಲ್‌ಕುಮಾರ್, "ಸಾ, ಓದಂಗಿದ್ರೆ ಓದ್ಬುಡಿ, ಇಲ್ದಿದ್ರೆ ಅಳಿಸ್ಬುಡಿ. ಬಾಡ್ಗೆ ಮನೆ ಬಿಡೋವಾಗ ಒಡ್ದೋಗಿರೋ ಮಂಕ್ರಿನೂ ಒತ್ಕೊಂಡ್ ಓಯ್ತೀನಿ ಅಂತೀರಲ್ಲ" ಎಂದ. ಶ್ರೀಗೌರಿ ಇನ್ನೂ ಚಿಕ್ಕದಾಗಿ ಮುಗಿಸಿದಳು: "ಓದದೇ ಇರಕ್ಕೆ ಯಾವುದಾದ್ರೇನು?"

ಸೋಮವಾರ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಮೂರನೆಯದನ್ನು ಪರೀಕ್ಷೆಗೆ ಕೂರಿಸಿದೆ. ಕನ್ನಡವನ್ನು ಹೇಗೆ ಓದುತ್ತದೋ ನೋಡೋಣವೆಂದು ಪಟ್ಟಿಯಲ್ಲಿ ಮೊದಲು ಕಂಡ ಕನ್ನಡ ಲೇಖನವನ್ನು ಒತ್ತಿದೆ. 'ಸೂಜಿಗೆ ದಾರ', ಬರೆದವರು ಚೂಡಾಮಣಿ, ಹೊಳೆನರಸೀಪುರ. ಹೋದ ವರ್ಷ ಮೇ ತಿಂಗಳಲ್ಲಿ ಅಂತರ್ಜಾಲ ಪತ್ರಿಕೆಗೆ ಬರೆದು ನೀನೇ ನನಗೆ ವಾಟ್ಸಾಪಿನಲ್ಲಿ ಕಳಿಸಿದ್ದು. ಬಸ್‌ಸ್ಟ್ಯಾಂಡಿನಲ್ಲಿ ಫಲಕ ನೋಡಿ ಕೂಗುವವರ ದನಿಯಲ್ಲಿ ಯಾರೋ ಒಬ್ಬಳು ನಿನ್ನ ಮಾತನ್ನು ಹೇಳತೊಡಗಿದಳು. ಯಜಮಾನರ ಅಂಗಿಗೆ ಗುಂಡಿ ಹಾಕಲು ಕೂತರೆ ಸೂಜಿಗೆ ದಾರ ಹೋಗಲಿಲ್ಲ. ಡಾಕ್ಟರು ನೋಡಿ, ನೋಟದ ನಡುಭಾಗ ಸವೆಯುತ್ತಿದೆ, ಹೋದದ್ದು ಬರುವುದಿಲ್ಲ, ಅಂಚು ಉಳಿಯುತ್ತದೆ, ಓಡಾಡಬಹುದು, ಓದುವುದು ಮಾತ್ರ ಆಗುವುದಿಲ್ಲ ಎಂದರು. ಎದುರು ನಿಂತವರಿಗೆ ಮುಖವಿಲ್ಲ, ಕಾಲು ಕಾಣುತ್ತದೆ. ಯಜಮಾನರು ಎರಡು ಪುಟ ಓದುವಷ್ಟರಲ್ಲಿ ಕೆಮ್ಮು ಹತ್ತುತ್ತದೆ. ಬಸ್ಸು ಶಾಂತಿಗ್ರಾಮ ದಾಟುವಾಗ ನನ್ನ ಹೆಸರು ಬಂತು. "ತಮ್ಮ ಮುರಳಿಗೆ ಅಕ್ಷರ ಕಲಿಸಿದವಳು ನಾನು. ಭಾನುವಾರ ಬಂದು ಒಂದು ಗಂಟೆ ಓದಿ ಹೇಳು ಎಂದು ಅವನನ್ನು ಕೇಳಲು ನಾಚಿಕೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ನಾನು ಕಳಿಸಿದ್ದನ್ನೆಲ್ಲ ಅವನು ಓದುತ್ತಾನೆ." ಆ ದನಿ ಅಲ್ಲಿ ಒಂದು ಕ್ಷಣವೂ ನಿಲ್ಲದೆ ಮುಂದಿನ ಸಾಲಿಗೆ ಹೋಯಿತು.

ಅಂಗಡಿಯಿಂದ ಪೊಟ್ಟಣ ಕಟ್ಟಿ ತಂದ ಕಾಗದವನ್ನು ನಮ್ಮ ಮನೆಯಲ್ಲಿ ಓದದೆ ಒಲೆಗೆ ಹಾಕುವಂತಿರಲಿಲ್ಲ, ನೆನಪಿದೆಯೆ? ನೀನು ಬೇಳೆ ಕೊಡವಿ, ಮೊಣಕಾಲ ಮೇಲೆ ಕಾಗದ ನೀವಿ, ಅರ್ಧ ಹರಿದ ಕಥೆಯನ್ನು ಓದಿ, ಹರಿದುಹೋದ ಅರ್ಧವನ್ನು ನೀನೇ ಕಟ್ಟಿ ಹೇಳುತ್ತಿದ್ದೆ. ನಾನು ಕಿವಿಗೊಟ್ಟು ಕೇಳಿದ್ದಕ್ಕೆ ಸಾಕ್ಷಿಯಾಗಿ ಎರಡು ಸಾಲು ಪ್ರಾಸ ಕಟ್ಟಬೇಕು, ಕಟ್ಟಿದರೆ ಕೈಗೊಂದು ಚೂರು ಬೆಲ್ಲ. ನಲವತ್ತು ವರ್ಷವಾದರೂ ಆ ಕಟ್ಟಳೆ ತಪ್ಪಿಲ್ಲ; ನೀನು ಏನು ಕಳಿಸಿದರೂ ನನ್ನ ಉತ್ತರ ಪ್ರಾಸದಲ್ಲೇ. 'ಸೂಜಿಗೆ ದಾರ'ಕ್ಕೂ ಉತ್ತರಿಸಿದ್ದೆ. ಶೀರ್ಷಿಕೆ ನೋಡಿದೆ, ಲೇಖನವನ್ನು ಆಮೇಲಿಗೆ ಎತ್ತಿಟ್ಟೆ, ಎರಡೇ ನಿಮಿಷದಲ್ಲಿ ಬರೆದೆ:

ಸೂಜಿಗೆ ದಾರ, ಅಕ್ಕನಿಗೆ ಸಸಾರ,
ಭಾವನ ಗುಂಡಿಗೆ ನೀನೇ ಆಧಾರ!

ನೀನು ಕೈಮುಗಿದ ಚಿತ್ರವೊಂದನ್ನು ಕಳಿಸಿದೆ. ಆಮೇಲೆ ನಿನ್ನಿಂದ ಲೇಖನ ಬರಲಿಲ್ಲ. ಟೈಪು ಮಾಡುವುದನ್ನೂ ಬಿಟ್ಟು ಧ್ವನಿ ಸಂದೇಶವನ್ನಷ್ಟೇ ಕಳಿಸತೊಡಗಿದೆ. ಅಕ್ಕ ಸೋಮಾರಿಯಾದಳೆಂದುಕೊಂಡು ಅದಕ್ಕೂ 'ಬೆರಳಿಗೆ ರಜೆ, ಕೊರಳಿಗೆ ಸಜೆ' ಎಂದು ಹೊಸೆದೆ. ನೀನು ನಕ್ಕೆ. ಗೌರಿಹಬ್ಬಕ್ಕೆ ಬಾಗಿನ ಹಿಡಿದು ಬಂದಾಗ ನೀನು ಬಾಗಿಲಲ್ಲಿ ನನ್ನ ಕಾಲು ನೋಡಿ, "ಯಾರೋ ಅಂದ್ಕೊಂಡೆ ಕಣೋ, ಚಪ್ಪಲಿ ಬದಲಾಯಿಸಿದ್ದೀಯಲ್ಲ" ಎಂದೆ. ತಮ್ಮನಿಗಿಂತ ಚಪ್ಪಲಿಗೇ ಮರ್ಯಾದೆ ಜಾಸ್ತಿಯೆಂದು ನಾನು ಮನೆಗೆ ಬಂದು ಎಲ್ಲರನ್ನೂ ನಗಿಸಿದೆ.

ಚನ್ನರಾಯಪಟ್ಟಣದಲ್ಲಿ ಇಳಿದವನು ತೆಂಗಿನಕಾಯಿ ರಾಶಿಯ ಮಗ್ಗುಲಲ್ಲಿ ನಿಂತು ಭಾವನವರಿಗೆ ಫೋನು ಮಾಡಿದೆ. ಅವರು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. "ನೀನು ಓದಿದೀಯ ಅಂತಲೇ ನಾವು ತಿಳ್ಕೊಂಡಿದ್ದು ಮುರಳಿ. ಪ್ರಾಸ ಬಂತಲ್ಲ! ಓದಿಯೂ ಬರಲಿಲ್ಲ ಅಂದ್ರೆ ಅವನಿಗೇನೋ ತೊಂದರೆ ಇರತ್ತೆ, ಮತ್ತೆ ಕೇಳಿ ಮುಜುಗರ ಮಾಡ್ಬೇಡಿ ಅಂದ್ಲು ನಿಮ್ಮಕ್ಕ" ಎಂದರು. ಹದಿನಾಲ್ಕು ತಿಂಗಳು, ಅಂದರೆ ಅರವತ್ತು ಭಾನುವಾರ. ನನ್ನನ್ನು ಹಾಗೆ ತಿಳಿದುಕೊಂಡೇ ನೀನು ವಾರ ವಾರ "ಊಟ ಆಯ್ತೇನೋ" ಎಂದು ಕೇಳುತ್ತಿದ್ದೆಯಲ್ಲ ಅಕ್ಕಾ.

ಅವತ್ತಿನಿಂದ ಆ್ಯಪುಗಳನ್ನು ಬಿಟ್ಟು ಬೇರೆ ಎರಡನ್ನು ತೂಗುತ್ತಿದ್ದೇನೆ. ಓದಿಯೂ ಬಾರದ ತಮ್ಮನಾಗಿಯೇ ಉಳಿಯುವುದೋ, ಓದದೆ ಓದಿದ್ದೇನೆಂದು ನಂಬಿಸಿದವನೆಂದು ಒಪ್ಪಿಕೊಳ್ಳುವುದೋ? ಮೊದಲನೆಯದು ಸಲೀಸು. ಗೋದಾಮಿನಲ್ಲಿ ಕೆಲಸ ವಿಪರೀತ ಇತ್ತು ಎಂದರೆ ನೀನು ನಂಬುತ್ತೀಯ. ನೀನು ನಂಬುತ್ತೀಯ ಎಂಬುದಕ್ಕೇ ಹೇಳಲು ಬಾಯಿ ಬರಲಿಲ್ಲ. ನಾನು ಓದಿರಲಿಲ್ಲ ಅಕ್ಕಾ. ಅದೊಂದೇ ಅಲ್ಲ, ನೀನು ಕಳಿಸಿದ ಒಂಬತ್ತರಲ್ಲಿ ಒಂದನ್ನೂ ಓದಿರಲಿಲ್ಲ, ಒಂಬತ್ತಕ್ಕೂ ಪ್ರಾಸ ಕಳಿಸಿದ್ದೆ. ಈಗ ಅಷ್ಟನ್ನೂ ಓದಿದ್ದೇನೆ. ಅಮ್ಮನ ಕೊನೆಯ ದಿನಗಳ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ಅದಕ್ಕೆ ನಾನು ಕಳಿಸಿದ್ದ ಪ್ರಾಸವನ್ನು ಇಲ್ಲಿ ಬರೆಯಲಾರೆ.

ಭಾವನವರಿಗೆ ನನ್ನ ನಮಸ್ಕಾರ, ಓದಿ ಗಂಟಲು ಒಣಗಿದ್ದಕ್ಕೆ ಕ್ಷಮೆ. ನಿನ್ನ ಆಶೀರ್ವಾದ ಕೇಳುವ ಸ್ಥಿತಿಯಲ್ಲಿ ನಾನಿಲ್ಲ. ಕಾಲು ಮುಟ್ಟಿದೆನೆಂದು ತಿಳಿದುಕೋ.

ನಿನ್ನ ತಮ್ಮ,
ಮುರಳಿ

ತಾ.ಕ.: ಲಕೋಟೆ ಅಂಟಿಸಿ ಸ್ಟಾಂಪು ಹಚ್ಚಿದವನು ಮತ್ತೆ ಹರಿದೆ. ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ನಾನೇ ತಂದು ನಾನೇ ಓದುತ್ತೇನೆ. ಹಾಗಾಗಿ ಅಕ್ಕಾ, ಮಂಡಿನೋವಿನಿಂದ ಇಲ್ಲಿಯವರೆಗೆ ನೀನು ಕೇಳಿದ್ದು ಭಾವನವರ ದನಿಯಲ್ಲ, ಬಾಗಿಲಲ್ಲಿ ಬಿಟ್ಟಿರುವುದು ನಿನಗೆ ಗುರುತಿರುವ ಹಳೆಯ ಚಪ್ಪಲಿ. ಆ್ಯಪ್ ಯಾವುದನ್ನೂ ಹಾಕಿಕೊಳ್ಳಲಿಲ್ಲ. ಚೀಲದಲ್ಲಿ ಕಡಲೆಕಾಯಿಯಿದೆ, ಹಟಮಾಡಿ ಕಾಗದದಲ್ಲೇ ಪೊಟ್ಟಣ ಕಟ್ಟಿಸಿದ್ದು. ಇದಾದ ಮೇಲೆ ಆ ಪೊಟ್ಟಣದ ಕಾಗದವನ್ನು ಓದುತ್ತೇನೆ. ಪ್ರಾಸ ಕಟ್ಟಬೇಕಾದವರು ಕೇಳಿದವರು, ಆದ್ದರಿಂದ ಈ ಸಲ ಸರದಿ ನಿನ್ನದು. ಬೈಗುಳದಲ್ಲೇ ಕಟ್ಟಿದರೂ ಸರಿ. ಪ್ರಾಸ ಕೂಡದಿದ್ದರೆ ಸುಮ್ಮನೆ ಬೈ, ಕೇಳುತ್ತಾ ಕೂತಿರುತ್ತೇನೆ.