ಸಿಸ್ಟರ್‌ಗೆ ಖರೇನ ಹೇಳೀನಿ

ಗೌರೀಶ,

ಅಂಬ್ಯುಲೆನ್ಸ್ ಬಂದೈತಿ, ನಿನ್ನ ಹೇಣ್ತಿ ನಂದಾನ್ನ ಕರಕೊಂಡು ಹುಬ್ಬಳ್ಳಿ ದವಾಖಾನಿಗೆ ಹೊಂಟೀನಿ. ರೊಟ್ಟಿ ಬುಟ್ಟ್ಯಾಗ ಅದಾವು. ಎಮ್ಮಿಗೆ ನೀರು ಕುಡಸು.

ತೂಕ ಇಳಸಾಕ ಆಕಿ ಹೊಟ್ಟಿ ಆಪರೇಷನ್ ಮಾಡಿಸಿ ಆರು ವಾರ ಆತು. ಏನು ಉಂಡ್ಲು, ಎಷ್ಟು ಉಂಡ್ಲು ಅಂತ ದಿನಾ ಫೋನಿನ್ಯಾಗ ಬರದು ಕಳಿಸಿದ್ರ ದವಾಖಾನಿ ಸಿಸ್ಟರ್ ನೋಡ್ತಾರ. ನಿನ್ನಿ ನೀ "ಮನಿ ಮಾತು ಯಾರಿಗೆ ಬರೀತಿ?" ಅಂತ ಆಕಿ ಕೂದಲಾ ಹಿಡದು ಎಳದಿ. ಬಾಯಾಗ ರೊಟ್ಟಿ ತುರುಕಿದಿ, ಹೊಟ್ಟಿಗೆ ಒದ್ದಿ, ಗುಂಡಕಲ್ಲ ತಗೊಂಡು ಫೋನ್ ಜಜ್ಜಿದಿ. ಬಿಡಸಾಕ ಬಂದ ನನ್ನೂ ಗ್ವಾಡಿಗೆ ದೂಡಿದಿ.

ಮುಂಜಾನೆ ನೀ ಹೊಲಕ್ಕ ಹೋದ ಮ್ಯಾಲ ಆಕಿ ರಕ್ತ ಕಾರಿದ್ಲು. ನಿನ್ನಿ ಊಟದ್ದು ಏನೂ ಬಂದಿಲ್ಲ ಅಂತ ಅಷ್ಟೊತ್ತಿಗೇ ಸಿಸ್ಟರ್ ನನ್ನ ಫೋನಿಗೆ ಹಚ್ಚಿದ್ರು. ಆಕಿ ರಕ್ತ ಕಾರಿದ್ದು ಹೇಳಿದೆ.

"ಎಲ್ಲೆರ ಬಿದ್ದಾರೇನ್ರಿ?" ಅಂತ ಕೇಳಿದ್ರು.

ನಿಮ್ಮಪ್ಪ ಹೊಡದಾಗೆಲ್ಲಾ ನಾ ಬಿದ್ದೆ ಅಂತಾನ ಹೇಳಿಕೋತ ಬಂದಾಕಿ. ಇವತ್ತ ಆ ಸುಳ್ಳು ಹೇಳಾಕ ಬಾಯಿ ಬರಲಿಲ್ಲ.

"ಬಿದ್ದಿಲ್ರಿ, ನನ್ನ ಮಗಾ ಒದ್ದಾನ" ಅಂದೆ.

ಪೊಲೀಸರು ಕೇಳಿದ್ರೂ ಅದನ್ನ ಹೇಳ್ತೀನಿ. ನೀ ದವಾಖಾನಿ ಕಡೆ ಬರಬ್ಯಾಡ. ಆಕಿ ಕ್ವಾಣಿ ಬಾಗಲದಾಗ ನಾ ಕುಂತಿರ್ತೀನಿ.

ನಿಮ್ಮವ್ವ