ಬಾಯಿಮಾತಲ್ಲಿ ಬಿಟ್ಟಿದ್ದಕ್ಕೆ ಕಾಲಂ ಇಲ್ಲ

ಪಿನೆರೋಲೊ, ಮೇ ೯

ಗವ್ರಿಲ್,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಅಂದಗೆಟ್ಟಿತೆಂದು ಹಾಳೆಯನ್ನೇ ಬದಲಿಸಿದೆ. ಹೆಸರಷ್ಟೇ ಉಳಿಯಿತು. ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದವನ್ನು ನಮ್ಮೂರಿನ ಮಿನಿಬಸ್ ಓಡಿಸುವ ದೋರೆಲ್ ಕೈಯಲ್ಲಿ ಕಳಿಸುತ್ತಿದ್ದೇನೆ. ಹೆದರಬೇಡ, ಜಗಳಕ್ಕಲ್ಲ. ತೆರಿಗೆಯ ಕೆಲಸವಿದೆ.

ಮೊದಲು ಲಾಂಡ್ರಿಯಲ್ಲಿದ್ದಾಗ ಸಂಬಳ ಕೊಡುವ ಮುಂಚೆಯೇ ಅವರು ತೆರಿಗೆ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಿಬಿಡುತ್ತಿದ್ದರು. ಹೋದ ವರ್ಷ ದೆಲ್ಫಿನಾ ಅಜ್ಜಿಯನ್ನು ನೋಡಿಕೊಳ್ಳಲು ಸೇರಿದ ಮೇಲೂ ಹಾಗೇ ನಡೆಯುತ್ತಿದೆ ಎಂದುಕೊಂಡಿದ್ದೆ. ಮನೆಕೆಲಸದವರಿಗೆ ಯಾರೂ ಹಿಡಿಯುವುದಿಲ್ಲ, ನಾವೇ ಲೆಕ್ಕ ಒಪ್ಪಿಸಬೇಕು ಎಂದು ಸಂತೆಯಲ್ಲಿ ಸಿಕ್ಕವಳೊಬ್ಬಳು ಹೇಳಿದಳು. ಕಾರ್ಮಿಕ ಸಂಘದ ಕಚೇರಿಯಲ್ಲಿ ಫಾರಂ ತುಂಬಿಕೊಡುತ್ತಾರಂತೆ. ಅಜ್ಜಿಯನ್ನು ಒಬ್ಬರನ್ನೇ ಬಿಡುವಂತಿಲ್ಲ. ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡೇ ಹೋದೆ.

ಅಲ್ಲಿ ಕೂತಿದ್ದವನ ಹೆಸರು ರೆಂಜೋ. ಒಳ್ಳೆಯವನೇ, ಆದರೆ ಬಿಡದೆ ಕೇಳುತ್ತಾನೆ.

“ನಿಮ್ಮ ಮನೆ ಎಲ್ಲಮ್ಮಾ? ಇಲ್ಲೋ, ರೊಮೇನಿಯಾದಲ್ಲೋ?”

ಅಜ್ಜಿಯ ಹೊದಿಕೆ ಸರಿಮಾಡಿದೆ.

“ವರ್ಷದಲ್ಲಿ ಹೆಚ್ಚು ಕಾಲ ಎಲ್ಲಿರ್ತೀರಿ? ನಿಮ್ಮ ಬದುಕು ಎಲ್ಲಿದೆ? ಅಷ್ಟೇ ನಾನು ಕೇಳ್ತಿರೋದು.”

ನಾನು ಮಲಗೋದು ಇಲ್ಲೇ ಎಂದೆ. ಅಜ್ಜಿ ಬಾಯಿ ಹಾಕಿದರು. “ಮಲಗೋದೇನೋ ಇಲ್ಲೇ. ನಿದ್ದೇಲಿ ಮಾತಾಡೋದು ಮಾತ್ರ ಅಲ್ಲೀ ಭಾಷೇಲಿ. ಗವ್ರಿಲ್, ಗವ್ರಿಲ್ ಅಂತಾಳೆ. ನನಗೆ ಎಚ್ಚರ ಆಗುತ್ತೆ!” ಮುದುಕಿ ಸುಳ್ಳು ಹೇಳುತ್ತಾಳೆ, ನಂಬಬೇಡ.

ನಾಚಿಕೆಯಾಗಿ, “ನಾವು ಬೇರೆಯಾಗಿದೀವಿ ಅಂತ ಬರ್ಕೊಳ್ಳಿ” ಎಂದೆ.

“ಕೋರ್ಟಿನ ಆದೇಶ ಇದೆಯಾ?”

“ಇಲ್ಲ. ಫೋನಲ್ಲಿ ಆಗಿದ್ದು. ಹೋದ ವರ್ಷ ಈಸ್ಟರ್ ಹಬ್ಬಕ್ಕೆ ಬರ್ತೀನಿ ಅಂದ್ರೆ, ಬರಬೇಡ, ಅಲ್ಲೇ ಮನೆ ಮಾಡ್ಕೊ ಅಂದುಬಿಟ್ಟ.”

“ಬಾಯಿಮಾತಲ್ಲಿ ಬಿಟ್ಟಿದ್ದಕ್ಕೆಲ್ಲ ಇಲ್ಲಿ ಕಾಲಂ ಇಲ್ಲಮ್ಮ. ಸರ್ಕಾರದ ಲೆಕ್ಕದಲ್ಲಿ ನೀವಿನ್ನೂ ಗಂಡ ಹೆಂಡ್ತಿ.”

ಅಜ್ಜಿ ಚಪ್ಪಾಳೆ ತಟ್ಟಿ ನಕ್ಕರು. ಕೊನೆಗೆ, ತೆರಿಗೆಯ ಮಟ್ಟಿಗೆ ನಾನು ಇಲ್ಲಿಯವಳು ಎಂದು ಬರೆದಾಯಿತು. ಇನ್ನೊಂದು ವಿಷಯ ಉಳಿದಿದೆ. ಗಂಡನಿಗೆ ಆದಾಯವಿಲ್ಲದಿದ್ದರೆ ಅವನು ನನ್ನ ಆಶ್ರಯದಲ್ಲಿದ್ದಾನೆಂದು ರಿಯಾಯಿತಿ ಕೊಡುತ್ತಾರಂತೆ. ಅದಕ್ಕೆ ಅಲ್ಲಿಯ ಕಚೇರಿಯ ಪತ್ರ ಬೇಕು. ನನ್ನ ಗಂಡ ಇಟ್ಟಿಗೆ ಒಲೆ ಕಟ್ಟುವವನು, ಕಣಿವೆಯಲ್ಲೆಲ್ಲ ಅವನಿಗೇ ಕರೆ ಬರುತ್ತದೆ ಎಂದು ನಾನೂ ಜಂಬದಿಂದಲೇ ಹೇಳಿದೆ. ಆದಾಯವಿದ್ದರೆ ಇದೆ ಎಂದು ಒಂದು ಸಾಲು ಬರೆ, ಸಾಕು.

ಸವೇತಾ

ತಾ.ಕ.: ದೋರೆಲ್ ಕೈಯಲ್ಲಿ ಕಾಫಿಪುಡಿಯೂ ಇದೆ. ಅದು ತೆರಿಗೆಗೆ ಸಂಬಂಧಿಸಿದ್ದಲ್ಲ.

*

ಮರಮುರೆಶ್, ರೊಮೇನಿಯಾ, ಮೇ ೨೦

ಸವೇತಾ,

ಅಕ್ಷರ ನೋಡಿ ನಗಬೇಡ. ಎಡಗೈಯದು.

ಪಂಚಾಯ್ತಿ ಕಚೇರಿಗೆ ಹೋಗಿದ್ದೆ. ರೊದೀಕಾ ನಿನ್ನ ಗೆಳತಿಯೇ ಸರಿ, ನನ್ನನ್ನು ನೋಡಿದ್ದೇ ಶುರು ಮಾಡಿದಳು. “ಏನಪ್ಪಾ, ಹೆಂಡ್ತಿ ದುಡಿದಿದ್ದು ತಿನ್ನೋಕೆ ಸರ್ಟಿಫಿಕೇಟು ಬೇರೆ ಬೇಕಾ?” ಆಮೇಲೆ ನನ್ನ ಬಲಗೈ ಕಡೆ ನೋಡಿ ತಾನೇ ಪೆಚ್ಚಾಗಿ ಮೊಹರು ಒತ್ತಿಕೊಟ್ಟಳು. ನೀನು ಅಲ್ಲಿಯವಳಾದ ಮೇಲೆ ನಮ್ಮ ಮನೆಯ ಪಟ್ಟಿಯಿಂದ ನಿನ್ನ ಹೆಸರು ತೆಗೆಯಲೇ ಎಂದು ಕೇಳಿದಳು. “ಮುಟ್ಟಿದ್ರೆ ನೋಡು” ಎಂದೆ.

ಜೊತೆಗಿರುವ ಪತ್ರ ಓದಿದರೆ ನಿನಗೆ ತಿಳಿದೇ ತಿಳಿಯುತ್ತದೆ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಹೋದ ವರ್ಷ ನನಗೆ ಬಿಡಿಗಾಸಿನ ಆದಾಯವೂ ಇಲ್ಲ. ಅದರ ಹಿಂದಿನ ಕ್ರಿಸ್‌ಮಸ್ ಹತ್ತಿರ ಪಾದ್ರಿಯ ಮನೆಯ ಹೊಗೆಗೂಡು ಕಟ್ಟುವಾಗ ಏಣಿ ಜಾರಿತು. ಬಲಗೈ ಮೂಳೆ ಕೂಡಿಕೊಂಡಿದೆ, ಬೆರಳು ಮಡಚುವುದಿಲ್ಲ. ಇಟ್ಟಿಗೆ ಹಿಡಿಯಲಾರೆ. ಆಲೂಗಡ್ಡೆಗೆ, ಹಾಲಿಗೆ ತೊಂದರೆಯಿಲ್ಲ. ಅಣ್ಣ ಇದ್ದಾನೆ. ದೋರೆಲ್‌ನನ್ನು ಬೈಯಬೇಡ, ಹೇಳಬೇಡವೆಂದು ಅವನಿಂದ ಆಣೆ ಹಾಕಿಸಿಕೊಂಡಿದ್ದೆ.

ಬರಬೇಡ ಎಂದದ್ದು ಅದಕ್ಕೇ. ಬಂದು ನೋಡಿದ್ದರೆ ನೀನು ತಿರುಗಿ ಹೋಗುತ್ತಿರಲಿಲ್ಲ. ಅಯ್ಯೋ ಪಾಪ ಎಂದು ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಹೆಂಡತಿ ನನಗೆ ಬೇಕಿರಲಿಲ್ಲ. ಸಿಟ್ಟು ಬಂದರೆ ಬಿಟ್ಟುಬಿಡುತ್ತೀಯ, ಸುಖವಾಗಿರುತ್ತೀಯ ಎಂದು ಲೆಕ್ಕ ಹಾಕಿದ್ದೆ.

ಗವ್ರಿಲ್

ತಾ.ಕ.: ಅಜ್ಜಿ ಹೇಳಿದ್ದು ನಿಜವಾ?

*

ಪಿನೆರೋಲೊ, ಮೇ ೨೮

ನನ್ನ ಗವ್ರಿಲ್,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. “ಯಾರು ಸತ್ರು?” ಎಂದು ಅಜ್ಜಿ ಕೂಗಿದರು. ಯಾರೂ ಇಲ್ಲ ಎಂದೆ. “ಹಾಗಾದ್ರೆ ಯಾಕೆ ಈ ಗೋಳಾಟ?” ಎಲ್ಲ ಹೇಳಿದೆ. “ಎಂಥ ಕತ್ತೆ ನಿನ್ನ ಗಂಡ! ಕರೆಸು ಇಲ್ಲಿಗೆ. ನನ್ನ ಕಾಲು ಎಳೆದು ಬಗ್ಗಿಸೋಳು ವಾರ ವಾರ ಬರ್ತಾಳಲ್ಲ, ಅವಳೇ ಅವನ ಬೆರಳೂ ಬಗ್ಗಿಸ್ತಾಳೆ. ಹಿಂದಿನ ಕೋಣೆ ಖಾಲಿ ಬಿದ್ದಿದೆ” ಎಂದರು.

ಭಾನುವಾರ ಹೊರಡುವ ಮಿನಿಬಸ್ಸಿನಲ್ಲಿ ನಿನಗೊಂದು ಸೀಟು ಹೇಳಿದ್ದೇನೆ. ದೋರೆಲ್ ಮನೆ ಬಾಗಿಲಿಗೇ ಬರುತ್ತಾನೆ. ಅಯ್ಯೋ ಪಾಪ ಎಂದು ಕರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನ ಮೇಲೆ ಕೆಂಡದಂಥ ಸಿಟ್ಟಿದೆ. ವರ್ಷದ ಮೇಲಾಯಿತು, ಒಬ್ಬನೇ ನೋವು ತಿಂದಿದ್ದೀಯ. ಎದುರಿಗೆ ಕೂರಿಸಿಕೊಂಡು ಬೈಯಬೇಕು, ಫೋನಿನಲ್ಲಾಗುವ ಕೆಲಸವಲ್ಲ ಅದು. ಚಳಿಗಾಲಕ್ಕೆ ದಪ್ಪ ಕೋಟೂ ತಾ.

ನಿನ್ನ ಸವೇತಾ

ತಾ.ಕ.: ಆ ರಿಯಾಯಿತಿ ತೀರ ಚಿಕ್ಕದು. ಪತ್ರ ತರಿಸುವ ಗೋಜೇ ಬೇಡ, ಬಿಟ್ಟುಬಿಡಿ ಎಂದು ರೆಂಜೋ ಅಂದೇ ಹೇಳಿದ್ದ. ನಿನಗೆ ಬರೆಯಲು ನನಗೆ ಬೇರೆ ನೆಪವಿರಲಿಲ್ಲ.