ಹಕ್ಕಿ ಎಂದರೆ ಹಕ್ಕಿಯಲ್ಲ

14 ಅಕ್ಟೋಬರ್ 2025, ಮಂಗಳವಾರ

ಕೂಲಿಯವರ ಎದುರಿಗೆ ಆಡಿದ ಆ ಮಾತು ಇವತ್ತು ನನ್ನನ್ನೇ ಚುಚ್ಚುತ್ತಿದೆ.

ಮೊಮ್ಮಗಳು ಪ್ರಣತಿಗೆ ಬಂದೂಕಿನ ಅಭ್ಯಾಸಕ್ಕೆ ಜಾಗ ಬೇಕಿತ್ತು. ಮಧುಗಿರಿ, ಕೊರಟಗೆರೆ ಕಡೆಯೆಲ್ಲ ನೋಡಿದ್ದಳು. ಒಂದು ಕಡೆ ಮನೆಗಳು ಹತ್ತಿರ, ಇನ್ನೊಂದು ಕಡೆ ದನ ಮೇಯುತ್ತವೆ. ಕೊನೆಗೆ ನಮ್ಮ ಗೌಡಗೆರೆ ಹೊಲವೇ ಹಿಡಿಸಿತು. ಕಡಲೆಕಾಯಿ ಕಿತ್ತು ಖಾಲಿಯಾಗಿದೆ, ಹಿಂದೆ ಗುಡ್ಡವಿದೆ. ಹೋದ ವಾರ ನಾನು ಕೂಲಿಯವರ ಜೊತೆ ಇದ್ದಾಗ ಬಂದು ಕೇಳಿದಳು. "ಅಜ್ಜಿ, ಹಕ್ಕಿ ಹೊಡಿಯಾಕೆ ಆ ಹೊಲ ಕೊಡ್ತೀಯಾ?"

"ಕೊರಳಾಗೆ ಲಿಂಗ ಕಟ್ಕೊಂಡು ಹಕ್ಕಿ ಹೊಡೀತೀಯೇನೇ? ನಾಚ್ಕೆ ಆಗಲ್ವಾ?" ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ನಾನು ಬಿಡಲಿಲ್ಲ.

ಬೆಳಿಗ್ಗೆ ಸೊಸೆ ಜ್ಯೋತಿಲಕ್ಷ್ಮಿ ಪ್ರಣತಿಯ ಕೋಣೆಯಿಂದ ಕಿತ್ತಳೆ ಬಣ್ಣದ ಬಿಲ್ಲೆಯೊಂದನ್ನು ತಂದು ನನ್ನ ಕೈಗಿಟ್ಟಳು. ಸಾಸರಿನಷ್ಟು ಅಗಲವಿತ್ತು.

"ಇದೇ ಕಣತ್ತೆ ಅವಳ ಹಕ್ಕಿ. ಮಿಷಿನ್ನು ಮೇಲಕ್ಕೆ ಎಸೀತದೆ, ಇವಳು ಹೊಡೀತಾಳೆ. ಆಟದಾಗೆ ಇದ್ಕೇ ಹಕ್ಕಿ ಅಂತಾರೆ."

ಭಾನುವಾರ ರಾಜ್ಯ ತಂಡದ ಆಯ್ಕೆ. ಪ್ರಣತಿ ಈಗ ಪಾವಗಡದ ಆಚೆ ಯಾರದೋ ಬೀಳುಹೊಲಕ್ಕೆ ಹೋಗುತ್ತಿದ್ದಾಳೆ. ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ.

ಸಂಜೆ ಬಂದಾಗ, "ನಾಳೆಯಿಂದ ಗೌಡಗೆರೆಗೇ ಹೋಗು" ಎಂದೆ. ತಪ್ಪಾಯಿತು ಎನ್ನಲು ಮಾತ್ರ ನಾಲಿಗೆ ಏಳಲಿಲ್ಲ.

"ಬ್ಯಾಡ ಅಜ್ಜಿ, ನಿಮಗ್ಯಾಕೆ ತೊಂದ್ರೆ?" ಎಂದು ಒಳಗೆ ಹೋದಳು.

ಮಾತು ಬಂದಾಗಿನಿಂದ ಅವಳು ನನ್ನನ್ನು 'ನೀನು' ಎಂದೇ ಕರೆದವಳು.